ಕತ್ತಾಳೆಗೆ ಕಳ್ಳಿಯ ಚಿತ್ರ

ಫಾರಂನಲ್ಲಿ ‘ಕಚ್ಚಾವಸ್ತು’ ಎಂಬ ಕಾಲಂನ ಎದುರು ನಾನು ಅನಾನಸ್ ಎಂದು ತುಂಬಿದ್ದೆ. ತುಂಬಿ, ಸಹಿ ಹಾಕಿ, ಕಳಿಸಿಯೂ ಆಗಿತ್ತು. ಮೂರನೆಯ ದಿನ ರಾಟರ್‌ಡ್ಯಾಮ್ ಬಂದರಿನ ಕಸ್ಟಮ್ಸ್ ಕಚೇರಿಯಿಂದ ಒಬ್ಬರು ಫೋನ್ ಮಾಡಿ ಬಹಳ ಸೌಜನ್ಯದಿಂದ ಕೇಳಿದರು: “ಮೇಡಂ, ಪೆಟ್ಟಿಗೆ ಮೇಲೆ ಮೆಸ್ಕಾಲ್ ಅಂತ ಇದೆ. ನಿಮ್ಮ ಕಾಗದದಲ್ಲಿ ಅನಾನಸ್ ಅಂತ ಇದೆ. ಎರಡರಲ್ಲಿ ಯಾವುದು ನಿಜ?”

ನನಗೆ ಗೊತ್ತಿರಲಿಲ್ಲ. ಮೆಸ್ಕಾಲ್ ಎಂದರೆ ಮೆಕ್ಸಿಕೋದ ಒಂದು ಮದ್ಯ, ಟೆಕಿಲಾದ ಹತ್ತಿರದ ಸಂಬಂಧಿ ಎನ್ನುವಷ್ಟು ಮಾತ್ರ ಗೊತ್ತಿತ್ತು. ಅದನ್ನು ತಯಾರಿಸುವ ಹೆಂಗಸು ಸ್ಪ್ಯಾನಿಷ್‌ನಲ್ಲಿ ಬರೆದು ಕಳಿಸಿದ್ದ ವಿವರಣೆಯನ್ನು ಫೋನಿನ ಅನುವಾದದ ಆ್ಯಪ್‌ಗೆ ಹಾಕಿದ್ದೆ. “ಅನಾನಸನ್ನು ನಾಲ್ಕು ದಿನ ಮಣ್ಣಿನೊಳಗೆ ಬೇಯಿಸುತ್ತೇವೆ” ಎಂದು ಅದು ಹೇಳಿತು. ನಾನು ನಂಬಿದೆ. ಜಗತ್ತಿನಲ್ಲಿ ಯಾರು ಯಾವುದನ್ನು ಎಲ್ಲಿಟ್ಟು ಬೇಯಿಸಿದರೆ ನನಗೇನು.

ಪೆಟ್ಟಿಗೆಗಳು ಬಂದರಿನ ಗೋದಾಮಿನಲ್ಲೇ ನಿಂತವು. ನನ್ನ ಮ್ಯಾನೇಜರ್, ಬಾಗಿಲಿನಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದ ಡಚ್ ಮನುಷ್ಯ, ನನ್ನ ಮೇಜಿನ ಪಕ್ಕ ನಿಂತು ಫಾರಂ ಓದಿದ. ಇಲ್ಲಿಯವರು ಬೈಯುವುದಿಲ್ಲ. ಅನ್ನಿಸಿದ್ದನ್ನು ಸಮಾಧಾನದ ದನಿಯಲ್ಲಿ ಹೇಳುತ್ತಾರೆ, ಅದು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸುತ್ತದೆ. “ಇದು ಬಹಳ ಮೂಲಭೂತ ತಪ್ಪು” ಎಂದ. “ನಾವು ಏನನ್ನು ಮಾರುತ್ತಿದ್ದೇವೆ ಅಂತ ನೀನು ತಿಳಿದುಕೊಳ್ಳಬೇಕು.”

ಆ ಮಾತು ನನಗೆ ಚುಚ್ಚಿತು, ಏಕೆಂದರೆ ಇದನ್ನು ಮಾರುವ ಕಡೆಗೆ ನಾನು ಬಂದವಳೇ ಅಲ್ಲ. ಗಂಡನ ಕೆಲಸದ ಪರ್ಮಿಟ್ಟಿನ ಹಿಂದೆ ಈ ದೇಶಕ್ಕೆ ಬಂದು, ಕೆಮಿಸ್ಟ್ರಿಯ ಡಿಗ್ರಿ ಹಿಡಿದುಕೊಂಡು ನಾಲ್ಕು ವರ್ಷ ಅಲೆದ ಮೇಲೆ ಸಿಕ್ಕಿದ ಕೆಲಸ ಇದು. ದಕ್ಷಿಣ ಅಮೆರಿಕ, ಮೆಕ್ಸಿಕೋ ಕಡೆಯಿಂದ ಒಣಮೆಣಸಿನಕಾಯಿ, ಜೋಳದ ಹಿಟ್ಟು, ಕಾಳು ತರಿಸುವ ಸಣ್ಣ ಕಂಪನಿ. ಕಾಗದಪತ್ರ ನನ್ನದು. ಮೆಣಸಿನಕಾಯಿಯ ಕಾಗದವನ್ನು ಕಣ್ಣು ಮುಚ್ಚಿಕೊಂಡು ತುಂಬುತ್ತಿದ್ದೆ. ಎರಡು ವರ್ಷ ಕಳೆದ ಮೇಲೆ ಮಾಲೀಕರಿಗೆ ಮದ್ಯವನ್ನೂ ತರಿಸಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಮುಟ್ಟುವುದೂ ಇಲ್ಲ, ನನಗೆ ಬೇರೆ ಕೆಲಸ ಕೊಡಿ ಎಂದು ಕೇಳಿದ್ದೆ. “ಬರೀ ಕಾಗದ ತಾನೇ” ಎಂದಿದ್ದ ಮ್ಯಾನೇಜರ್.

ಮನೆಯಲ್ಲಿ ಗಂಡನಿಗೂ ಅದನ್ನೇ ಹೇಳಿದೆ. ಬರೀ ಕಾಗದ. “ನಮ್ಮ ಆಪಾಗೆ ಹೇಳ್ಬೇಡ, ಅಷ್ಟೇ” ಎಂದ. ಬೆಂಗಳೂರಿನಲ್ಲಿರುವ ಅವನ ಅಕ್ಕ ಫೋನ್ ಮಾಡಿದಾಗಲೆಲ್ಲ ನಾನು ಮೆಣಸಿನಕಾಯಿಯ ಬಗ್ಗೆ ಮಾತಾಡುತ್ತಿದ್ದೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಆ ಮುಜುಗರವೇ ಸಾಕಾಗಿತ್ತು. ಅದರ ಮೇಲೆ ಈಗ ಅನಾನಸ್.

ತಯಾರಿಸುವ ಹೆಂಗಸಿನೊಂದಿಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಸಂಜೆ ನಾಲ್ಕು ಗಂಟೆ ಅವರಿಗೆ ಬೆಳಗ್ಗೆ. ಮೆಕ್ಸಿಕೋದ ದಕ್ಷಿಣಕ್ಕೆ ವಹಾಕಾ ಎನ್ನುವ ರಾಜ್ಯದ ಗುಡ್ಡಗಾಡಿನಲ್ಲಿ ಅವರ ಊರು. ಅರವತ್ತು ದಾಟಿದ, ಅಗಲ ಮುಖದ, ಎರಡು ಜಡೆ ಹಾಕಿಕೊಂಡ ಹೆಂಗಸು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು. ನಡುವೆ ಆ ಆ್ಯಪ್. ನಾನು ಅನಾನಸ್ ಹಣ್ಣಿನ ಚಿತ್ರ ತೋರಿಸಿ ಇದೇನಾ ಎಂದು ಕೇಳಿದೆ. ಅವರು ಚಿತ್ರವನ್ನೇ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಫೋನನ್ನು ಎತ್ತಿಕೊಂಡು ಮನೆಯ ಹಿಂದಕ್ಕೆ ನಡೆದರು. ಪರದೆ ಕುಲುಕಾಡಿತು, ನಾಯಿ ಬೊಗಳಿತು, ಬಿಸಿಲು ಬಂತು. ನಿಂತಾಗ ಎದುರಿಗಿದ್ದದ್ದು ಕತ್ತಾಳೆ.

ಸಾಲು ಸಾಲು ಕತ್ತಾಳೆ. ಬೂದು ಹಸಿರಿನ ಕತ್ತಿಯಂಥ ಎಲೆ, ತುದಿಯಲ್ಲಿ ಕಪ್ಪು ಮುಳ್ಳು. ಎಲೆಗಳನ್ನೆಲ್ಲ ಸವರಿ ತೆಗೆದ ಮೇಲೆ ಉಳಿಯುವ ಬುಡದ ಗಡ್ಡೆ ನೋಡಲು ದೊಡ್ಡ ಅನಾನಸಿನ ಹಾಗಿರುತ್ತದೆ. ಅದಕ್ಕೇ ಅವರ ಭಾಷೆಯಲ್ಲಿ ಗಡ್ಡೆಯನ್ನು ಆ ಹೆಸರಿನಿಂದ ಕರೆಯುತ್ತಾರೆ. ಆ್ಯಪ್ ಅಕ್ಷರಕ್ಕೆ ಅಕ್ಷರ ಅನುವಾದ ಮಾಡಿ ನನ್ನ ಮರ್ಯಾದೆ ತೆಗೆದಿತ್ತು.

ನನಗೆ ಬಂದದ್ದು ನಗುವಲ್ಲ, ಸಿಟ್ಟು. ನಮ್ಮ ಅಬ್ಬಾ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಹರಿಹರದ ಹತ್ತಿರ ಹಳಿಯ ಪಕ್ಕದ ಕ್ವಾರ್ಟರ್ಸ್‌ನಲ್ಲಿ ನಾನು ಬೆಳೆದದ್ದು. ದನ ಹಳಿಗೆ ಬಾರದಿರಲೆಂದು ಇಳಿಜಾರಿನ ಉದ್ದಕ್ಕೂ ಕತ್ತಾಳೆ ಹಾಕಿದ್ದರು. ಅಮ್ಮಿ ಅದರ ಎಲೆ ಕೊಯ್ದು, ಹೊಂಡದ ನೀರಿನಲ್ಲಿ ಮೂರು ವಾರ ಕೊಳೆಹಾಕಿ, ಕಲ್ಲಿನ ಮೇಲೆ ಬಡಿದು ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಆ ಕೊಳೆತ ನೀರಿನ ವಾಸನೆಗೆ ನಮ್ಮ ಮನೆಗೆ ಯಾರೂ ಊಟಕ್ಕೆ ಬರುತ್ತಿರಲಿಲ್ಲ. ಹಸಿ ಎಲೆಯ ರಸ ಮೈಗೆ ತಾಗಿದರೆ ಎರಡು ದಿನ ತುರಿಕೆ. ಒಂದು ಸಲ ನಾನು ತಿಳಿಯದೆ ಅದೇ ಕೈಯಿಂದ ಕುತ್ತಿಗೆ ಒರೆಸಿಕೊಂಡು, ರಾತ್ರಿಯಿಡೀ ಅತ್ತು, ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದೆ. ನನ್ನ ಪಾಲಿಗೆ ಆ ಗಿಡ ಎಂದರೆ ತುರಿಕೆ, ನಾತ, ಅಮ್ಮಿಯ ಒಡೆದ ಅಂಗೈ. ಅದರಿಂದ ಕುಡಿಯುವ ವಸ್ತು ಮಾಡುತ್ತಾರೆ ಎಂದರೆ, ಅದೂ ಜನ ದೊಡ್ಡ ಹೋಟೆಲುಗಳಲ್ಲಿ ಕೂತು ಹೊಗಳುವ ವಸ್ತು ಎಂದರೆ, ನಾನು ಹೇಗೆ ನಂಬಲಿ?

“ತುರಿಸುವುದಿಲ್ಲವೇ?” ಎಂದು ಟೈಪ್ ಮಾಡಿದೆ.

ಆ ಹೆಂಗಸು ಓದಿ ಜೋರಾಗಿ ನಕ್ಕರು. ತೋಳು ಮಡಚಿ ಮೊಣಕೈವರೆಗೆ ಕೆಂಪು ಗುಳ್ಳೆಗಳನ್ನು ತೋರಿಸಿದರು. ಹಿಂದಿನ ವಾರ ಗಡ್ಡೆ ಕಡಿದದ್ದಂತೆ. ನಾನು ಕುತ್ತಿಗೆ ತೋರಿಸಿ, ಬೆರಳಿನಿಂದ ಕೆರೆದುಕೊಂಡು ತೋರಿಸಿದೆ. ಅವರಿಗೆ ಅರ್ಥವಾಯಿತು. ಅಲ್ಲಿಯವರೆಗಿನ ಅರ್ಧ ಗಂಟೆಯಲ್ಲಿ ನಮ್ಮ ನಡುವೆ ಸರಿಯಾಗಿ ದಾಟಿದ ಮೊದಲ ಮಾತು ಅದು.

ಆಮೇಲೆ ವಾರಕ್ಕೆರಡು ಸಲ ಅವರಿಗೆ ಫೋನ್ ಮಾಡತೊಡಗಿದೆ. ಫಾರಂ ಸರಿಪಡಿಸಿ ಪೆಟ್ಟಿಗೆಗಳನ್ನು ಬಿಡಿಸಿಕೊಳ್ಳಲು ಆ ಒಂದು ಕಾಲ್ ಸಾಕಾಗಿತ್ತು. ಉಳಿದದ್ದೆಲ್ಲ ಹಟಕ್ಕೆ. ತಪ್ಪು ಮಾಡಿದವಳು ಎನ್ನಿಸಿಕೊಂಡಿದ್ದೆ, ಇನ್ನು ಈ ಕಂಪನಿಯಲ್ಲಿ ಈ ವಿಷಯ ನನ್ನಷ್ಟು ಯಾರಿಗೂ ಗೊತ್ತಿರಬಾರದು ಎಂದುಕೊಂಡೆ.

ಆದರೆ ತಿಳಿದುಕೊಳ್ಳುವುದು ಸುಲಭವಿರಲಿಲ್ಲ. ಭಟ್ಟಿಯಿಂದ ಇಳಿಯುವ ದ್ರವದ ಮೊದಲ ಭಾಗಕ್ಕೆ ಅವರು ‘ತುದಿ’ ಎನ್ನುತ್ತಾರೆ, ಕೊನೆಯ ಭಾಗಕ್ಕೆ ‘ಬಾಲ’. ಆ್ಯಪ್ ‘ಬಾಲ’ವನ್ನು ಒಮ್ಮೆ ‘ಸರತಿ ಸಾಲು’ ಎಂದಿತು, ಇನ್ನೊಮ್ಮೆ ‘ಅಂಟು’ ಎಂದಿತು; ಸ್ಪ್ಯಾನಿಷ್‌ನಲ್ಲಿ ಮೂರಕ್ಕೂ ಪದ ಒಂದೇ. “ಸರತಿ ಸಾಲನ್ನು ನಾವು ಮತ್ತೆ ಕುದಿಸುತ್ತೇವೆ” ಎಂಬ ವಾಕ್ಯವನ್ನು ಇಟ್ಟುಕೊಂಡು ನಾನು ಒಂದು ಇಡೀ ಮಧ್ಯಾಹ್ನ ಕೂತಿದ್ದೇನೆ. ನೆಟ್‌ವರ್ಕ್ ಹೋಗುತ್ತಿತ್ತು. ಅವರು ಮಾತಿನ ನಡುವೆ ಎದ್ದು ಹೋಗಿ ಬೆಂಕಿ ನೋಡಿ ಬರುತ್ತಿದ್ದರು. ನಾನು ಖಾಲಿ ಗೋಡೆಯನ್ನು ನೋಡುತ್ತ ಕೂತಿರುತ್ತಿದ್ದೆ.

ಆದರೂ ಚೂರು ಚೂರಾಗಿ ಕೂಡಿಬಂತು. ಗಿಡ ಬಲಿಯಲು ಏಳೆಂಟು ವರ್ಷ ಬೇಕು; ಕಾಡಿನ ಕೆಲವು ಜಾತಿಗಳಿಗೆ ಇನ್ನೂ ಹೆಚ್ಚು. ಜೀವಮಾನದಲ್ಲಿ ಒಂದೇ ಸಲ ನಡುವಿನಿಂದ ಕಂಬದಂಥ ಹೂದಂಡು ಮೇಲೇಳುತ್ತದೆ, ಹೂ ಬಿಟ್ಟು ಗಿಡ ಸಾಯುತ್ತದೆ. ಆ ದಂಡು ಇಣುಕಿದ ಕೂಡಲೇ ಅವರು ಕತ್ತರಿಸಿಬಿಡುತ್ತಾರೆ. ಬಿಟ್ಟರೆ ಗಡ್ಡೆಯಲ್ಲಿ ಕೂಡಿಟ್ಟದ್ದೆಲ್ಲ ಹೂವಿಗೆ ಹೋಗುತ್ತದೆ. ಕತ್ತರಿಸಿದರೆ ಅದು ಬುಡದಲ್ಲೇ ಉಳಿಯುತ್ತದೆ. ಆಮೇಲೆ ಎಲೆ ಸವರಿ, ಗಡ್ಡೆ ಕಿತ್ತು, ಸೀಳಿ, ಗುಂಡಿಗೆ ಹಾಕುತ್ತಾರೆ. ಗುಂಡಿಯಲ್ಲಿ ಮೊದಲು ಸೌದೆ ಉರಿಸಿ ಕಲ್ಲುಗಳನ್ನು ಕೆಂಪಗೆ ಕಾಯಿಸಿರುತ್ತಾರೆ. ಅದರ ಮೇಲೆ ಒದ್ದೆ ಸಿಪ್ಪೆ, ಗಡ್ಡೆ, ಚಾಪೆ, ಕೊನೆಗೆ ಮಣ್ಣು. ನಾಲ್ಕು ದಿನ ಹಾಗೇ.

ಯಾಕೆ ಬೇಯಿಸಬೇಕು ಎಂಬುದು ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹಸಿ ಗಡ್ಡೆಯಲ್ಲಿ ಇರುವುದು ಸಕ್ಕರೆಯಲ್ಲ, ಇನ್ಯುಲಿನ್ ಎಂಬ ಪಿಷ್ಟದಂಥ ವಸ್ತು. ಹುದುಗೆಬ್ಬಿಸುವ ಸೂಕ್ಷ್ಮಜೀವಿಗಳಿಗೆ ಅದನ್ನು ಅರಗಿಸಿಕೊಳ್ಳುವುದು ಕಷ್ಟ. ಬಿಸಿ ತಾಗಿದರೆ ಅದು ಒಡೆದು ಸಿಹಿಯಾಗುತ್ತದೆ. ಕಾಲೇಜಿನ ಕೆಮಿಸ್ಟ್ರಿ ಈ ದೇಶದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು, ಅದೂ ಹೆಂಡಕ್ಕೆ. ಬೆಂದದ್ದನ್ನು ಕುದುರೆ ಎಳೆಯುವ ಕಲ್ಲುಗಾಲಿಯ ಕೆಳಗೆ ಅರೆದು, ಮರದ ತೊಟ್ಟಿಗೆ ತುಂಬಿ ನೀರು ಬೆರೆಸಿ ಬಿಟ್ಟರೆ ಗಾಳಿಯಲ್ಲಿರುವ ಜೀವಿಗಳಿಂದಲೇ ಹುದುಗೇಳುತ್ತದೆ. ಸಿದ್ಧವಾಯಿತೇ ಎಂದು ಆ ಹೆಂಗಸು ತೊಟ್ಟಿಗೆ ಕಿವಿಗೊಟ್ಟು ಕೇಳುತ್ತಿದ್ದರು. ಆಮೇಲೆ ಎರಡು ಸಲ ಭಟ್ಟಿ ಇಳಿಸುವುದು, ತುದಿ ಮತ್ತು ಬಾಲವನ್ನು ಬೇರೆ ಮಾಡಿ ನಡುವಿನದನ್ನು ಇಟ್ಟುಕೊಳ್ಳುವುದು. ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಸೋರೆಬುರುಡೆಯಂಥ ಬಟ್ಟಲಿಗೆ ಎತ್ತರದಿಂದ ಹೊಯ್ಯುತ್ತಾರೆ. ಮೇಲೆ ಮುತ್ತಿನಂಥ ಗುಳ್ಳೆ ಎದ್ದು ತುಸು ಹೊತ್ತು ನಿಂತರೆ ಸರಿ. ಟೆಕಿಲಾ ಕೂಡ ಇದೇ ಕುಲದ್ದು. ಆದರೆ ಅದಕ್ಕೆ ನೀಲಿ ಬಣ್ಣದ ಒಂದೇ ಜಾತಿಯ ಗಿಡ, ಬೇಯಿಸುವುದು ಹೆಚ್ಚಾಗಿ ಹಬೆಯಲ್ಲಿ. ಅದಕ್ಕೇ ಅದರಲ್ಲಿ ಮೆಸ್ಕಾಲ್‌ನ ಹೊಗೆಯ ವಾಸನೆ ಇರುವುದಿಲ್ಲ ಎಂದು ಓದಿಕೊಂಡೆ.

ಓದಿಕೊಂಡೆ ಎಂದೆ. ಮೂಗಿನ ಹತ್ತಿರ ತಂದದ್ದಿಲ್ಲ. ಮ್ಯಾನೇಜರ್‌ಗೆ ಬೇಕಾಗಿದ್ದದ್ದು ರುಚಿಯ ಬಗ್ಗೆ ಎರಡು ಸಾಲು. ನಾವಿರುವ ವೂರ್‌ಬರ್ಗ್‌ನಲ್ಲಿ, ನಮ್ಮ ಮೇಲಿನ ಮಹಡಿಯಲ್ಲಿ ಮೈಸೂರಿನ ಒಬ್ಬರಿದ್ದಾರೆ, ಸಾಫ್ಟ್‌ವೇರ್‌ನವರು, ಪಾರ್ಟಿಗಳಲ್ಲಿ ವಿಸ್ಕಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು. ಅವರನ್ನು ಕೇಳೋಣ ಎಂದುಕೊಂಡೆ. ಅಂಗೈಯಷ್ಟು ದೊಡ್ಡ ಸ್ಯಾಂಪಲ್ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಊಟದ ಬ್ಯಾಗಿನಲ್ಲಿಟ್ಟುಕೊಂಡು ಮೆಟ್ರೋ ಹತ್ತಿದೆ. ಕಳ್ಳಸಾಗಣೆ ಮಾಡಿದ ಹಾಗೆ ಬೆನ್ನು ಬೆವೆತಿತ್ತು. ನಮ್ಮ ಬಾಗಿಲು ದಾಟಿ, ನೇರ ಅವರ ಮನೆಗೇ ಹೋಗಿ ಕೊಟ್ಟೆ.

ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

“ಹೇಗಿದೆ?”

“ಸ್ಟ್ರಾಂಗ್ ಇದೆ ಕಣ್ರೀ.”

“ಅದು ಬಾಟಲಿ ಮೇಲೇ ಬರ್ದಿದೆ. ರುಚಿ ಹೇಗಿದೆ?”

“ಸ್ಮೂತ್. ಅಂದ್ರೆ, ಒಂಥರಾ ರಫ್. ರಫ್ ಬಟ್ ಸ್ಮೂತ್.”

“ನಾನು ಇದನ್ನ ಬರೆಯೋಕಾಗಲ್ಲ. ಯಾವುದರ ಥರ ಇದೆ, ಅದನ್ನ ಹೇಳಿ.”

“ಉಪ್ಪು, ನಿಂಬೆಹಣ್ಣು ಇದ್ರೆ ಕರೆಕ್ಟಾಗಿ ಗೊತ್ತಾಗ್ತಿತ್ತು” ಎಂದರು. ಕೊನೆಗೆ, ಮೂರನೆಯ ಗುಟುಕಿಗೆ, “ಕೆಂಡದಲ್ಲಿ ಸುಟ್ಟ ಗೆಣಸು ಇರುತ್ತಲ್ಲ, ಸಿಪ್ಪೆ ಕರಕಲಾಗಿರೋದು, ಆ ಥರ” ಎಂದರು. ಅಷ್ಟು ಹೊತ್ತಿಗೆ ನನ್ನ ತಾಳ್ಮೆಯೂ ಕರಕಲಾಗಿತ್ತು. ಆದರೂ ಆ ಒಂದು ಸಾಲನ್ನು ಬರೆದುಕೊಂಡೆ, ಮೊದಲ ಸಲ ಅದರ ವಾಸನೆ ನನ್ನ ತಲೆಯೊಳಗೆ ಬಂದಿತ್ತು.

ಮುಂದಿನ ವಾರ ಬಾಟಲಿಯ ಲೇಬಲ್ ಬಂತು. ಡಚ್ಚಿನಲ್ಲಿ ಎಟಿಕೆಟ್. ಮೀಟಿಂಗ್‌ನಲ್ಲಿ ಮ್ಯಾನೇಜರ್ ಪರದೆಯ ಮೇಲೆ ತೋರಿಸಿದ. ಹಳದಿ ಮರಳು, ಕೆಂಪು ಸೂರ್ಯ, ನಡುವೆ ಎರಡು ಕೈ ಎತ್ತಿ ನಿಂತ ಕಳ್ಳಿ. ಕೆಳಗೆ: “ಕಾಡು ಕಳ್ಳಿಯ ಆತ್ಮ.” ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಹೆಂಗಸಿನ ಹೆಸರು, ಅವರ ಊರಿನ ಹೆಸರು.

“ಇದು ಕಳ್ಳಿಯಲ್ಲ” ಎಂದೆ.

“ಅದೇ ಜಾತಿಯದ್ದಲ್ಲವೇ?”

“ಅಲ್ಲ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಶತಾವರಿ ಹತ್ತಿರ. ನೀವು ವಸಂತದಲ್ಲಿ ಬೆಣ್ಣೆ ಹಾಕಿಕೊಂಡು ತಿನ್ನುತ್ತೀರಲ್ಲ, ಆ ಬಿಳಿ ಆಸ್ಪರಾಗಸ್, ಅದರ ಸಂಬಂಧಿ. ಕಳ್ಳಿಯ ಸಂಬಂಧಿ ಅಲ್ಲ.”

ಮೇಜಿನ ಸುತ್ತ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಮಣ್ಣಿನ ಗುಂಡಿ, ಹೂದಂಡು, ಗುಳ್ಳೆಗಳು, ಎಲ್ಲವನ್ನೂ ಹೇಳಲು ಶುರುಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮ್ಯಾನೇಜರ್ ಕೈಯೆತ್ತಿ, ಅದೇ ಸಮಾಧಾನದ ದನಿಯಲ್ಲಿ ಹೇಳಿದ: “ಇದೆಲ್ಲ ಚೆನ್ನಾಗಿದೆ. ಆದರೆ ನೀನು ಕುಡಿಯುವುದಿಲ್ಲ. ಕುಡಿಯುವವರಿಗೆ ಏನು ಬೇಕು ಅಂತ ನಿನಗೆ ಗೊತ್ತಿರುವುದಿಲ್ಲ.”

ನಾನು ಕಾಗದ ಎತ್ತಿಕೊಂಡು ಎದ್ದೆ. ಶೌಚಾಲಯಕ್ಕೆ ಹೋಗಿ ತಣ್ಣೀರಿನಲ್ಲಿ ಮುಖ ತೊಳೆದುಕೊಂಡೆ. ಕುಡಿಯದವಳು, ನನ್ನನ್ನು ಇದರಿಂದ ಆಚೆಗಿಡಿ ಎಂದು ಕೇಳಿದಾಗ ಅದು ಕಾರಣವಾಗಲಿಲ್ಲ. ಗೊತ್ತಿದ್ದದ್ದನ್ನು ಹೇಳಿದಾಗ ಅದೇ ಕಾರಣವಾಯಿತು.

ಒಪ್ಪಿಗೆಗಾಗಿ ಲೇಬಲ್ಲನ್ನು ವಹಾಕಾಗೆ ಕಳಿಸಬೇಕಾದದ್ದು ನಿಯಮ. ಕಳಿಸುವವಳು ನಾನೇ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಆ ಹೆಂಗಸು ಫೋನ್ ಮಾಡಿದರು. ನಗಲಿಲ್ಲ. ಆ್ಯಪ್‌ನಲ್ಲಿ ಬಂದದ್ದು ಇಷ್ಟು: “ನಮ್ಮ ಊರಿನಲ್ಲಿ ಮರಳುಗಾಡು ಇಲ್ಲ. ಈ ಗಿಡವನ್ನು ನಾನು ನೋಡಿಲ್ಲ. ಊರಿನ ಹೆಸರು ತೆಗೆಯಿರಿ, ನನ್ನ ಹೆಸರೂ ತೆಗೆಯಿರಿ. ಇಲ್ಲವಾದರೆ ಇನ್ನು ಮುಂದೆ ನನ್ನ ಬಾಟಲಿಗಳನ್ನು ಕೊಡುವುದಿಲ್ಲ.”

ಈ ಸಲ ಅನುವಾದದಲ್ಲಿ ತಪ್ಪು ಇರಲಿಲ್ಲ. ಮ್ಯಾನೇಜರ್‌ಗೆ ಮುಂದೆ ಕಳಿಸಿದೆ. ಅವನು ಬಂದು, “ನೀನು ಅವಳಿಗೆ ಏನಾದರೂ ಹೇಳಿದೆಯಾ?” ಎಂದು ಕೇಳಿದ.

“ಇಲ್ಲ. ಅವರಿಗೆ ಕಣ್ಣಿದೆ” ಎಂದೆ. ಈ ದೇಶದಲ್ಲಿ ಒಬ್ಬ ಮೇಲಧಿಕಾರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವನು ಲೇಬಲ್ಲಿನ ಚಿತ್ರವನ್ನು ಮತ್ತೊಮ್ಮೆ ತೆರೆದು ನೋಡಿದ. ಆಮೇಲೆ, ಬಾಟಲಿಯ ಹಿಂಬದಿಯ ಲೇಬಲ್ಲಿನ ಬರಹವನ್ನು ನೀನೇ ಬರಿ, ಮುಂಬದಿಯ ಚಿತ್ರವನ್ನು ಬದಲಾಯಿಸಲು ಹೇಳುತ್ತೇನೆ ಎಂದ.

ನಾನು ಬರೆದದ್ದು ಒಂದು ಪುಟ. ನಲವತ್ತು ಪದ ಸಾಕು ಎಂದರು. ಇಪ್ಪತ್ತು ಸಲ ಬರೆದೆ. ಗಿಡದ ವಯಸ್ಸು ಇಟ್ಟರೆ ಕಲ್ಲುಗಾಲಿ ಹೋಗುತ್ತದೆ, ಕಲ್ಲುಗಾಲಿ ಇಟ್ಟರೆ ಕಿವಿಗೊಟ್ಟು ಕೇಳುವುದು ಹೋಗುತ್ತದೆ. ಕೊನೆಗೆ ಉಳಿದದ್ದು: ಎಂಟು ವರ್ಷದ ಗಿಡ, ಮಣ್ಣಿನೊಳಗೆ ನಾಲ್ಕು ದಿನ, ಮರದ ತೊಟ್ಟಿ, ಎರಡು ಭಟ್ಟಿ, ಸುಟ್ಟ ಗೆಣಸಿನ ವಾಸನೆ. ಆ ಹೆಂಗಸಿಗೆ ಕಳಿಸಿದೆ. ಬರಹ ಓದಿ ಹೆಬ್ಬೆರಳಿನ ಚಿಹ್ನೆ ಹಾಕಿದರು. ಮುಂಬದಿಯ ಲೇಬಲ್ಲನ್ನು ಅವರಿಗೆ ತೋರಿಸಲು ಇನ್ನು ಸಮಯವಿಲ್ಲ ಎಂದು ಮ್ಯಾನೇಜರ್ ನೇರ ಮುದ್ರಣಕ್ಕೆ ಕೊಟ್ಟ.

ಮುದ್ರಿಸಿದ ಸುರುಳಿ ಗೋದಾಮಿಗೆ ಬಂದಾಗ ನೋಡಿದೆ. ಕಳ್ಳಿ ಹೋಗಿತ್ತು. ಅದರ ಜಾಗದಲ್ಲಿ ನಿಜವಾದ ಕತ್ತಾಳೆ, ಎಲೆಯ ಅಂಚಿನ ಮುಳ್ಳುಗಳವರೆಗೂ ಸರಿ. ಅದರ ನಡುವಿನಿಂದ ಲೇಬಲ್ಲಿನ ತುದಿಯವರೆಗೆ ಎದ್ದು, ಹಳದಿ ಹೂ ಬಿಟ್ಟು ನಿಂತ ದಂಡು.

ಹೂ ಬಿಟ್ಟ ಗಿಡದಲ್ಲಿ ಏನೂ ಉಳಿದಿರುವುದಿಲ್ಲ. ಅದನ್ನು ಯಾರೂ ಕಡಿಯುವುದಿಲ್ಲ, ಬೇಯಿಸುವುದಿಲ್ಲ. ಮೆಸ್ಕಾಲ್ ಆಗಲಾರದ ಒಂದೇ ಒಂದು ಕತ್ತಾಳೆಯನ್ನು ಹುಡುಕಿ ಮೆಸ್ಕಾಲ್ ಬಾಟಲಿಯ ಮೇಲೆ ಹಾಕಿದ್ದರು. ಮ್ಯಾನೇಜರ್‌ಗೆ ವಿವರಿಸಿದೆ. “ಯಾರಿಗೂ ಗೊತ್ತಾಗುವುದಿಲ್ಲ” ಎಂದ.

“ಅವರಿಗೆ ಗೊತ್ತಾಗುತ್ತದೆ.”

“ಅಂಟಿಸಲು ಶುರುಮಾಡಿದ್ದಾರೆ” ಎಂದು ಕೈ ಅಗಲಿಸಿದ.

ನಾನೇ ಆ ಹೆಂಗಸಿಗೆ ಫೋಟೋ ಕಳಿಸಿ ಕ್ಷಮೆ ಕೇಳಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು: “ಈ ಗಿಡವನ್ನು ಯಾರೂ ಕಡಿಯಲಿಲ್ಲ. ಒಳ್ಳೆಯದೇ ಆಯಿತು. ಮುಂದಿನ ಸಲ ಚಿತ್ರ ನಾನು ಕೊಡುತ್ತೇನೆ.” ಕೋಪವೋ ತಮಾಷೆಯೋ ಆ್ಯಪ್‌ಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಕೆಲವು ತಿಂಗಳ ನಂತರ, ರೈಲಿನಲ್ಲಿ ಹೋಗಬೇಕಾದಷ್ಟು ದೂರದ ಬೈಟನ್‌ವೆಲ್ಡರ್ಟ್ ಎಂಬಲ್ಲಿಗೆ ಪರಿಚಯದವರ ಮಗುವಿನ ಹುಟ್ಟುಹಬ್ಬಕ್ಕೆ ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ಮಧ್ಯಾಹ್ನ ವಾಪಸ್ ಬರುವಾಗ ಟ್ರಾಮ್ ನಿಲ್ದಾಣದ ಪಕ್ಕದ ಮದ್ಯದಂಗಡಿಯ ಗಾಜಿನಲ್ಲಿ ಆ ಬಾಟಲಿ ಇತ್ತು. ಬೆನ್ನು ನಮ್ಮ ಕಡೆಗೆ. ಗಂಡನ ತೋಳು ಹಿಡಿದು ನಿಲ್ಲಿಸಿದೆ. “ಅದು ನಾನು ಬರ್ದಿದ್ದು” ಎಂದೆ.

ಅವನು ಅಕ್ಕಪಕ್ಕ ನೋಡಿ, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಾಜಿಗೆ ಹತ್ತಿರ ಬಗ್ಗಿ ಡಚ್ ಸಾಲುಗಳನ್ನು ನಿಧಾನವಾಗಿ ಓದಿದ. “ನಾಲ್ಕು ದಿನ ಮಣ್ಣಲ್ಲಿ? ಅಷ್ಟೂ ದಿನ ಕಾಯ್ಕೊಂಡು ಯಾರು ಕೂತಿರ್ತಾರೆ?”

ಇಷ್ಟು ತಿಂಗಳಲ್ಲಿ ಈ ಕೆಲಸದ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ. ಟ್ರಾಮ್‌ನಲ್ಲಿ ಶುರುಮಾಡಿದವಳು ರೈಲು ಹತ್ತಿ ಕೂತ ಮೇಲೂ ಹೇಳುತ್ತಲೇ ಇದ್ದೆ. ಎದುರಿನ ಸೀಟಿನಲ್ಲಿದ್ದ ಮಗಳು ಇಯರ್‌ಫೋನ್ ತೆಗೆದು, “ವೇಟ್, ಅವ್ರು ಅದನ್ನ ಲಿಸನ್ ಮಾಡ್ತಾರಾ?” ಎಂದಳು. ತೊಟ್ಟಿಯ ಸದ್ದು ಮಳೆ ನಿಂತ ಮೇಲೆ ಹಂಚಿನಿಂದ ತೊಟ್ಟಿಕ್ಕುವ ಹಾಗಿರುತ್ತದಂತೆ, ಅದು ನಿಂತಾಗ ಸಿದ್ಧವಾಯಿತೆಂದು ಅರ್ಥ ಎಂದು ಹೇಳಿದೆ. ಗಂಡ ಗಮನವಿಟ್ಟು ಕೇಳಿದ. ಕೊನೆಗೆ ಉಸಿರು ಬಿಟ್ಟು, “ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಆಗೋದು ಶರಾಬೇ ಅಲ್ವಾ” ಎಂದ.

ಹೌದು ಎನ್ನಬೇಕಾಗಿತ್ತು. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ನನ್ನ ನಂಬಿಕೆಯೂ ಬೇರೆಯಲ್ಲ. ಆದರೂ ನನಗೆ ಎಷ್ಟು ಸಿಟ್ಟು ಬಂತೆಂದರೆ, ಕಿಟಕಿಯ ಕಡೆಗೆ ತಿರುಗಿ ಕೂತು ವೂರ್‌ಬರ್ಗ್ ಬರುವವರೆಗೆ ಅವನ ಜೊತೆ ಮಾತಾಡಲಿಲ್ಲ. ಹೊರಗೆ ಕಾಲುವೆ, ದನ, ಹಸಿರು ಹೊಲ, ಮತ್ತೆ ಕಾಲುವೆ. ಅವನು ಎರಡು ಸಲ “ಏನಾಯ್ತು ಈಗ?” ಎಂದು ಕೇಳಿದ. ಏನಾಯಿತೆಂದು ಹೇಳಲು ನನಗೆ ಯಾವ ಭಾಷೆಯಲ್ಲೂ ಬರಲಿಲ್ಲ.